ಟ್ರಸ್ಟ್ ಆಮೇಲಾಗಲಿ, ಮೊದಲು ಸ್ವೀಕೃತಿ ಕೇಳುವುದನ್ನು ಕಲಿಯಿರಿ

ಊರಿನ ಕೂಲಿಕಾರರ ಹಕ್ಕುಗಳಿಗಾಗಿ ದುಡಿಯಲು ಟ್ರಸ್ಟ್ ನೋಂದಾಯಿಸಬೇಕೋ, ಸೊಸೈಟಿಯೋ ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ಹೊತ್ತು ನಾನು 2019ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ರಾಯಚೂರು ಜಿಲ್ಲೆಯ ನನ್ನೂರಿಗೆ ಮರಳಿದ್ದೆ. ಹೆಸರು, ಬೈಲಾ, ಲಾಂಛನ ಎಲ್ಲವೂ ಸಿದ್ಧವಿದ್ದವು. ಕೂಲಿಕಾರರ ಪರಿಚಯವೊಂದೇ ಬಾಕಿಯಿತ್ತು.

ಹಿಂದಿನ ವರ್ಷ ಮಳೆ ಕೈಕೊಟ್ಟಿದ್ದರಿಂದ ಆ ಏಪ್ರಿಲ್‌ನಲ್ಲಿ ಹೊಲದ ಕೆಲಸವಿರಲಿಲ್ಲ. ನಮ್ಮ ಕೇರಿಯ 43 ಹೆಂಗಸರ ಬಳಿ ಉದ್ಯೋಗ ಖಾತ್ರಿ ಯೋಜನೆಯ ಜಾಬ್ ಕಾರ್ಡ್ ಇತ್ತು, ಕೆಲಸ ಮಾತ್ರ ಇರಲಿಲ್ಲ. ಎರಡು ರಾತ್ರಿ ಕುಳಿತು ಕೆಲಸ ಕೇಳುವ ಅರ್ಜಿಯಾದ ನಮೂನೆ 6 ಅನ್ನು ಎಲ್ಲರ ಹೆಸರಲ್ಲೂ ತುಂಬಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಅವರಿಗೇಕೆ ಅರ್ಧ ದಿನ ಹಾಳು ಎಂದು ನಾನೊಬ್ಬನೇ ಬೈಕಿನಲ್ಲಿ ಪಂಚಾಯಿತಿಗೆ ಹೋದೆ. ಅಲ್ಲಿನವರು ಕುರ್ಚಿ ಎಳೆದು ಕೊಟ್ಟರು, ಚಹಾ ತರಿಸಿದರು, ಅರ್ಜಿಗಳನ್ನು ಮೇಜಿನ ಖಾನೆಗೆ ಸೇರಿಸಿ, "ಎರಡು ದಿನದಾಗ ಎನ್‌ಎಂಆರ್ ತೆಗಸ್ತೀವ್ರಿ ಸರ್" ಎಂದರು. ಎನ್‌ಎಂಆರ್ ಎಂದರೆ ಕೆಲಸಕ್ಕೆ ಬರುವವರ ಹೆಸರಿರುವ ಹಾಜರಿ ಪಟ್ಟಿ. ನಾನು ಕೈಮುಗಿದು ಹೊರಟುಬಂದೆ.

ನನ್ನ ತಪ್ಪು ಇದೇ. ಅರ್ಜಿ ಕೊಟ್ಟವರಿಗೆ ದಿನಾಂಕ ಹಾಕಿದ ಸ್ವೀಕೃತಿ ಕೊಡಬೇಕೆಂಬ ನಿಯಮ ನನಗೆ ಗೊತ್ತಿಲ್ಲದ್ದೇನಲ್ಲ, ಹಿಂದಿನ ರಾತ್ರಿಯಷ್ಟೇ ಅದನ್ನು ಹೆಂಗಸರಿಗೆ ವಿವರಿಸಿದ್ದೆ. ಆದರೆ ಅವರ ಚಹಾ ಕುಡಿದು, ಅದೇ ಬಾಯಲ್ಲಿ ಸೀಲು ಹಾಕಿಕೊಡಿ ಎಂದು ಕೇಳಲು ಸಂಕೋಚವಾಯಿತು. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಪ್ರಕಾರ ಕೆಲಸ ಕೇಳಿದ 15 ದಿನಗಳೊಳಗೆ ಕೆಲಸ ಕೊಡಬೇಕಿತ್ತು. ಕೊಡದಿದ್ದರೆ ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ, ಅನಂತರ ಅರ್ಧಕ್ಕೆ ಕಡಿಮೆಯಿಲ್ಲದ ನಿರುದ್ಯೋಗ ಭತ್ಯೆ ಸಿಗಬೇಕಿತ್ತು. ಆಗಿನ ಕೂಲಿ 249 ರೂಪಾಯಿ, ಅಂದರೆ ಆರಂಭದಲ್ಲಿ ತಲೆಗೆ ದಿನಕ್ಕೆ ಸುಮಾರು 62 ರೂಪಾಯಿ. ಆ 15 ದಿನಗಳ ಎಣಿಕೆ ಶುರುವಾಗುವುದೇ ಅರ್ಜಿ ಕೊಟ್ಟ ದಿನದಿಂದ, ಮತ್ತು ಆ ದಿನಕ್ಕೆ ಸ್ವೀಕೃತಿಯಲ್ಲದೆ ಬೇರೆ ಸಾಕ್ಷಿಯಿಲ್ಲ. ಇಪ್ಪತ್ತನೆಯ ದಿನ ಹೋಗಿ ವಿಚಾರಿಸಿದರೆ, "ನಿಮ್ಮೂರಿಂದ ಯಾರೂ ಕೆಲಸಾನೇ ಕೇಳಿಲ್ಲಲ್ರಿ" ಎಂಬ ಉತ್ತರ ಬಂತು. ಖಾನೆ ತೆರೆಯಿರಿ ಎನ್ನುವ ಧೈರ್ಯವೂ ನನಗಾಗಲಿಲ್ಲ.

ಆ ತಿಂಗಳು ಮುಗಿಯುವುದರೊಳಗೆ 19 ಮನೆಗಳಿಗೆ ಬೀಗ ಬಿತ್ತು; ಮಕ್ಕಳನ್ನೂ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದರು. ಊರಲ್ಲೇ ಉಳಿದ ಮುದುಕಿಯೊಬ್ಬರು ಕಟ್ಟೆಯ ಮೇಲೆ ಕುಳಿತಿದ್ದವರು ನನ್ನನ್ನು ಕಂಡು, "ನಮ್ಮ ಅರ್ಜಿ ಕೊಟ್ಟು ನೀ ಚಾ ಕುಡುದು ಬಂದಿ ಏನಪಾ?" ಎಂದರು. ಬೈಲಾದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಾಳೆ ದೇಣಿಗೆ ಪಡೆಯುವುದಾದರೆ ನೋಂದಣಿ ಬೇಕು, ಅದನ್ನು ಯಾವ ಲೆಕ್ಕಪರಿಶೋಧಕರಾದರೂ ಹೇಳಿಕೊಡುತ್ತಾರೆ. ಆದರೆ ಕೂಲಿಕಾರರು ನಿಮ್ಮನ್ನು ಇನ್ನೂ ಕರೆದಿಲ್ಲ. ಈಗಲೇ ಫಲಕ ತೂಗುಹಾಕಿದರೆ ಅವರು ನಿಮ್ಮ ವಾರ್ಷಿಕ ವರದಿಯ ಫಲಾನುಭವಿಗಳಾಗುತ್ತಾರೆ, ಅಷ್ಟೇ. ಉತ್ತರ ಕರ್ನಾಟಕದವರಾದರೆ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಯಂಥವು ಈಗಾಗಲೇ ಇವೆ. ಒಂದು ವರ್ಷ ಅವರ ಹಿಂದೆ ಓಡಾಡಿ, ಸಭೆಯಲ್ಲಿ ಚಾಪೆ ಹಾಸಿ. ಓದಿದವರಾದ ನಮಗೆ ಮುಂದೆ ನಿಲ್ಲುವ ಚಟವಿದೆ, ಅದು ಬಿಡುವವರೆಗೆ ಪಂಚಾಯಿತಿಯ ಕುರ್ಚಿಯಲ್ಲಿ ಕೂರಬೇಡಿ.

ಜೂನ್‌ನಲ್ಲಿ ಉಳಿದ 24 ಹೆಂಗಸರೂ ತಾವೇ ಅರ್ಜಿ ಹಿಡಿದು ಪಂಚಾಯಿತಿಗೆ ಹೋದರು, ನಾನು ಹೊರಗೆ ಬೇವಿನ ಮರದಡಿ ನಿಂತಿದ್ದೆ. ಚಹಾ ಬಂತಂತೆ, ಯಾರೂ ಮುಟ್ಟಲಿಲ್ಲವಂತೆ. ಮಧ್ಯಾಹ್ನ ಮೂರರ ಹೊತ್ತಿಗೆ ಕೊನೆಯ ಅರ್ಜಿಗೂ ಸೀಲು ಬಿತ್ತು. ಆ ಮುದುಕಿ ತಮ್ಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆ-ಅಡಿಕೆ ಸಂಚಿಗೆ ಸೇರಿಸಿದರು. ಹನ್ನೆರಡನೆಯ ದಿನ ಕೆರೆ ಹೂಳೆತ್ತಲು ಎನ್‌ಎಂಆರ್ ಬಂತು. ಸ್ವೀಕೃತಿಗಳನ್ನೆಲ್ಲ ನನ್ನ ಫೈಲಿನಲ್ಲಿ ಜೋಪಾನವಾಗಿ ಇಡುತ್ತೇನೆ ಎಂದಾಗ ಒಬ್ಬರೂ ಕೊಡಲಿಲ್ಲ.