ಬಾರ್ ಆಮೇಲೆ, ಮೊದಲು ಟೈರ್ ನೋಡಿ

ಪ್ರಶ್ನೆ: ಸರ್, ನಮ್ಮೂರು ಹುಬ್ಬಳ್ಳಿ, ಕೆಲಸ ಪುಣೆಯಲ್ಲಿ, ಮನೆ ಚಿಂಚವಾಡದಲ್ಲಿ. 2014ರ ಪೆಟ್ರೋಲ್ ಸ್ವಿಫ್ಟ್ ಇದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ. ಖಂಬಾಟ್ಕಿ ಘಾಟ್ ತಿರುವುಗಳಲ್ಲಿ ಗಾಡಿ ತೇಲಿದ ಹಾಗೆ ಆಗುತ್ತದೆ. ಸ್ಟಿಯರಿಂಗ್ ತಿರುಗಿಸಿದ ಮೇಲೆ ಮುಂಭಾಗ ಸ್ವಲ್ಪ ತಡವಾಗಿ ತಿರುಗುತ್ತದೆ. ನಾನಾ ಪೇಠದ ಒಂದು ಅಂಗಡಿಯಲ್ಲಿ ಬಾನೆಟ್ ಕೆಳಗೊಂದು ಸ್ಟ್ರಟ್ ಬಾರ್ (ಬಾಡಿ ಬಿಗಿ ಮಾಡಲು ಅಡ್ಡ ಹಾಕುವ ಕಂಬಿ), ಗಾಡಿ ಅಡಿಗೊಂದು, ಡಿಕ್ಕಿಯಲ್ಲೊಂದು, ಒಟ್ಟು 18 ಸಾವಿರ ಅಂದರು. ಚಾಸಿಸ್ ಗಟ್ಟಿಯಾದರೆ ಗಾಡಿ ರಸ್ತೆಗೆ ಅಂಟಿಕೊಂಡು ಹೋಗುತ್ತದಂತೆ. ಹಾಕಿಸಲಾ? ಗಾಡಿಯ ಫೋಟೊ ಕಳಿಸಿದ್ದೇನೆ.
– ಓದುಗರೊಬ್ಬರು, ಚಿಂಚವಾಡ

ಉತ್ತರ: ಈಗ ಬೇಡ. ನಿಮ್ಮ ಫೋಟೊಗಳಲ್ಲಿ ಮೂರನೆಯದನ್ನು ದೊಡ್ಡದು ಮಾಡಿ ನೋಡಿದೆ. ನೀವು ಬಾನೆಟ್ ತೋರಿಸೋಕೆ ತೆಗೆದದ್ದು, ಆದರೆ ಕೆಳಗೆ ಮೂಲೆಯಲ್ಲಿ ಎಡಗಡೆಯ ಮುಂದಿನ ಟೈರ್ ಬಂದಿದೆ. ಅದರ ಪಕ್ಕದ ಗೋಡೆಯ ಮೇಲೆ ಮೊಟ್ಟೆಯಾಕಾರದ ಗೆರೆಯೊಳಗೆ 3117 ಅಂತ ಅಚ್ಚಾಗಿದೆ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಅಂದರೆ 2017ರ 31ನೇ ವಾರ, ಆಗಸ್ಟ್ ಶುರುವಿನಲ್ಲಿ ತಯಾರಾದ ಟೈರ್. ಗೀರು ಇನ್ನೂ ಇದೆ, ಸವೆದಿಲ್ಲ ಅನಿಸಬಹುದು, ಆದರೆ ಇಷ್ಟು ವರ್ಷ ಬಿಸಿಲಲ್ಲಿ ನಿಂತ ರಬ್ಬರ್ ಗಟ್ಟಿಯಾಗಿರುತ್ತದೆ, ರಸ್ತೆಯನ್ನು ಮೊದಲಿನ ಹಾಗೆ ಹಿಡಿಯುವುದಿಲ್ಲ. ಉಗುರು ಒತ್ತಿ ನೋಡಿ, ಹೊಸ ಟೈರಿಗೂ ಒತ್ತಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಇನ್ನೊಂದು, ನಿಮ್ಮ ಟೈರಿನ ಅಳತೆ 165/80 ಆರ್14. ಆ 80 ಅಂದರೆ ಪಕ್ಕದ ಗೋಡೆ ಟೈರಿನ ಅಗಲದ ಶೇ. 80ರಷ್ಟು ಎತ್ತರ, ಸುಮಾರು 132 ಮಿಲಿಮೀಟರ್. ನಮ್ಮ ಗುಂಡಿ ರಸ್ತೆಗೆ ಇದು ಒಳ್ಳೆಯದೇ, ಆದರೆ ಸ್ಟಿಯರಿಂಗ್ ತಿರುಗಿಸಿದಾಗ ಮೊದಲು ಈ ಗೋಡೆ ಬಾಗುತ್ತದೆ, ಆಮೇಲೆ ಗಾಡಿ ತಿರುಗುತ್ತದೆ. ಗಾಳಿ ಕಡಿಮೆ ಇದ್ದರಂತೂ ಇನ್ನೂ ಜಾಸ್ತಿ. ನೀವು ಹೇಳುವ ಆ ತಡ ಬಹುಪಾಲು ಇಲ್ಲೇ ಇದೆ, ಇಲ್ಲಾಂದ್ರೆ ಲೋವರ್ ಆರ್ಮ್ (ಚಕ್ರವನ್ನು ಬಾಡಿಗೆ ಜೋಡಿಸುವ ಕೆಳಗಿನ ತೋಳು) ಬುಷ್‌ಗಳಲ್ಲಿ, ಅಂದರೆ ಅದರ ಕೀಲಿನ ರಬ್ಬರ್‌ಗಳಲ್ಲಿದೆ.

ಈಗ ಚಾಸಿಸ್ ವಿಷಯ. ಬೊಲೆರೊ ಥರದ ಗಾಡಿಗೆ ಕೆಳಗೆ ಏಣಿಯಂಥ ಬೇರೆ ಚಾಸಿಸ್ ಇರುತ್ತದೆ. ನಿಮ್ಮ ಗಾಡಿಗೆ ಅದಿಲ್ಲ. ನೆಲ, ಛಾವಣಿ, ಕಂಬಗಳು, ಅಂಟು ಹಾಕಿ ಕೂರಿಸಿದ ಮುಂದಿನ ಗಾಜು ಎಲ್ಲಾ ಸೇರಿಯೇ ಭಾರ ಹೊರುತ್ತವೆ. 1922ರಲ್ಲಿ ಬಂದ ಲ್ಯಾನ್ಸಿಯಾ ಲ್ಯಾಂಬ್ಡಾ ಕಾರಿನಲ್ಲೇ ಈ ಯೋಚನೆ ಇತ್ತು. ಇಂಥ ಬಾಡಿ ತಿರುಚಿಕೊಳ್ಳುವುದು ಸ್ಪ್ರಿಂಗ್ ಬಾಗುವುದಕ್ಕಿಂತ ತುಂಬಾ ಕಡಿಮೆ. ದಪ್ಪ ಗಾದಿ ಹಾಸಿದ ಮಂಚದ ಮೇಲೆ ಕೂತಿದ್ದೀರಿ ಅಂದುಕೊಳ್ಳಿ. ಕೆಳಗಿನ ಹಲಗೆ ಇನ್ನಷ್ಟು ದಪ್ಪ ಮಾಡಿದರೆ ನಿಮಗೇನೂ ಗೊತ್ತಾಗುವುದಿಲ್ಲ, ಕುಸಿಯುತ್ತಿರುವುದು ಗಾದಿ ಅಲ್ವಾ? ಗಾದಿ ತೆಗೆದು ಚಾಪೆ ಹಾಸಿದರೆ ಮಾತ್ರ ಹಲಗೆ ಬಾಗುವುದು ತಿಳಿಯುತ್ತದೆ. ರೇಸ್ ಗಾಡಿಯಲ್ಲಿ ಸ್ಪ್ರಿಂಗ್ ಕಲ್ಲಿನ ಹಾಗೆ ಗಟ್ಟಿ, ಟೈರಿನ ಹಿಡಿತವೂ ಜಾಸ್ತಿ, ಅಲ್ಲಿ ಬಾರ್‌ಗಳಿಗೆ ನಿಜವಾದ ಕೆಲಸ ಇದೆ. ಛಾವಣಿ ಇಲ್ಲದ ಕಾರುಗಳಿಗೆ ಕಂಪನಿಯವರೇ ಅಡಿಯಲ್ಲಿ ಹೆಚ್ಚಿನ ಪಟ್ಟಿ ಹಾಕುವುದೂ ಅದಕ್ಕೇ, ಮೇಲಿನ ಆಧಾರ ಹೋಗಿರುತ್ತದೆ.

ಹಾಗಾದರೆ ಸ್ಟ್ರಟ್ ಬಾರ್ ಏನೂ ಮಾಡೋದಿಲ್ವಾ? ಮಾಡುತ್ತದೆ, ಸ್ವಲ್ಪ. ಮುಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳ ತಲೆ ಕೂರುವ ಜಾಗಗಳನ್ನು ಅದು ಒಂದಕ್ಕೊಂದು ಕಟ್ಟುತ್ತದೆ. ತಿರುವಿನಲ್ಲಿ ಅವು ಅಲುಗುವುದು ಕಡಿಮೆಯಾದರೆ ಚಕ್ರದ ಓರೆ ಅಷ್ಟು ಬದಲಾಗುವುದಿಲ್ಲ. ಆದರೆ ತಿರುವಿನ ಪಕ್ಕದ ಬಲವನ್ನು ಹೆಚ್ಚಾಗಿ ಹೊರುವುದು ಕೆಳಗಿನ ಲೋವರ್ ಆರ್ಮ್, ಮೇಲಿನ ತಲೆಗೆ ಬರುವುದು ಚಿಕ್ಕ ಪಾಲು.

ನಾನೂ ಹಿಂದೆ ನನ್ನ ಸಣ್ಣ ಗಾಡಿಗೆ ಸ್ಟ್ರಟ್ ಬಾರ್ ಹಾಕಿಸಿದ್ದೆ. ಅದೇ ವಾರ ನಾಲ್ಕು ಟೈರೂ ಬದಲಾಯಿಸಿದ್ದೆ, ಗಾಡಿ ಬೇರೆಯೇ ಆಯಿತು ಅನಿಸಿತು, ಎಲ್ಲಾ ಬಾರ್‌ನಿಂದ ಅಂತಲೇ ನಂಬಿದೆ. ಎರಡು ವರ್ಷದ ನಂತರ ಶಾಕ್ ಮೌಂಟ್ ಬದಲಾಯಿಸುವಾಗ ಬಾರ್ ಬಿಚ್ಚಿ ಮನೆಯಲ್ಲಿಟ್ಟು, ಒಂದು ತಿಂಗಳು ಬೇಕಂತಲೇ ಕಾತ್ರಜ್ ಹಳೇ ಘಾಟಿನಲ್ಲಿ ಓಡಿಸಿದೆ. ಸ್ಟಿಯರಿಂಗ್ ತಿರುಗಿಸುವ ಮೊದಲ ಕ್ಷಣದಲ್ಲಿ ಕೈಗೆ ಸಿಗುವ ಬಿಗಿ ಒಂಚೂರು ಕಡಿಮೆಯಾಗಿತ್ತು, ಅಷ್ಟೇ. ಹಿಡಿತ ಅಷ್ಟೇ ಇತ್ತು, ವಾಲುವುದೂ ಅಷ್ಟೇ ಇತ್ತು.

ಹಾಗಾಗಿ ನಿಮ್ಮ 18 ಸಾವಿರವನ್ನು ಟೈರಿಗೆ ಹಾಕಿ, ಸ್ವಲ್ಪ ಸೇರಿಸಬೇಕಾಗಬಹುದು. ಡ್ರೈವರ್ ಬಾಗಿಲಿನ ಹತ್ತಿರದ ಚೀಟಿಯಲ್ಲಿ ಬರೆದಷ್ಟೇ ಗಾಳಿ ಇಡಿ, ಟೈರ್ ತಣ್ಣಗಿರುವಾಗ ನೋಡಿಸಿ. ಮುಂದಿನ ಮೂಲೆ ಬಲವಾಗಿ ಒತ್ತಿ ಬಿಡಿ, ಒಂದು ಸಲ ಎದ್ದು ನಿಂತರೆ ಸರಿ, ಎರಡು ಮೂರು ಸಲ ಕುಣಿದರೆ ಶಾಕ್ ಹೋಗಿದೆ. ಅದರ ಮೈಮೇಲೆ ಎಣ್ಣೆ ಜಿನುಗಿ ಧೂಳು ಅಂಟಿದ್ದರೂ ಹೋಗಿದೆ ಅಂತಲೇ. ಬುಷ್ ಸೀಳಿದೆಯಾ ನೋಡಿಸಿ, ಕೊನೆಗೆ ಅಲೈನ್‌ಮೆಂಟ್. ಸೆಕೆಂಡ್ ಹ್ಯಾಂಡ್ ಗಾಡಿ ಆದ್ದರಿಂದ ಇದನ್ನೂ ಮಾಡಿ: ಹಿಂದಿನ ಒಂದು ಚಕ್ರವನ್ನು ಫುಟ್‌ಪಾತ್ ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿ, ನಾಲ್ಕು ಬಾಗಿಲು, ಡಿಕ್ಕಿ ತೆರೆದು ಮುಚ್ಚಿ ನೋಡಿ. ಯಾವುದಾದರೂ ಉಜ್ಜಿದರೆ, ಕೊಂಡಿ ಸರಿಯಾಗಿ ಕೂರದಿದ್ದರೆ, ಹಿಂದೆ ಆಕ್ಸಿಡೆಂಟ್ ಆಗಿ ಬಾಡಿ ಸರಿಯಾಗಿ ರಿಪೇರಿ ಆಗಿಲ್ಲದಿರಬಹುದು. ಅದನ್ನು ಯಾವ ಬಾರೂ ಸರಿ ಮಾಡೋದಿಲ್ಲ, ಒಳ್ಳೆ ಬಾಡಿ ರಿಪೇರಿಯವರಿಗೆ ತೋರಿಸಬೇಕು.

ಇಷ್ಟೆಲ್ಲಾ ಆದ ಮೇಲೂ ಆಸೆ ಇದ್ದರೆ ಮುಂದಿನ ಬಾರ್ ಒಂದನ್ನೇ ಹಾಕಿಸಿ. ಎರಡೂ ತುದಿಯಲ್ಲಿ ಕೀಲು ಇಲ್ಲದ, ನೇರವಾದ ಒಂದೇ ತುಂಡಿನದು ತಗೊಳ್ಳಿ. ಎಂಜಿನ್ ದಾಟಲು ಡೊಂಕು ಮಾಡಿದ ಸಪೂರ ಪೈಪು ಒತ್ತಡ ಬಂದಾಗ ತಾನೇ ಬಾಗುತ್ತದೆ. ಗಾಡಿ ಅಡಿಯ ಬಾರ್ ಬೇಡ, ನಮ್ಮ ಸ್ಪೀಡ್ ಬ್ರೇಕರ್‌ಗಳಿಗೆ ತಾಗುತ್ತದೆ. ಬಾರನ್ನು ಬಾಡಿಗೆ ವೆಲ್ಡಿಂಗ್ ಮಾಡ್ತೀವಿ ಅಂತ ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ, ಅಪಘಾತದಲ್ಲಿ ಎಲ್ಲಿ ಮಡಚಿಕೊಳ್ಳಬೇಕೋ ಅಲ್ಲೇ ಮಡಚಿಕೊಳ್ಳುವ ಹಾಗೆ ಬಾಡಿಯ ತಗಡು ಮಾಡಿರುತ್ತಾರೆ. ವಿಮೆ ಕಂಪನಿಗೂ ಒಂದು ಮಾತು ತಿಳಿಸಿ.

ಪ್ರಶ್ನೆ: ವಾಸ್ಕೋದಲ್ಲಿದ್ದೇನೆ, ಅನ್‌ಮೋಡ್ ಘಾಟ್ ಮೇಲೆ ಊರಿಗೆ ಓಡಾಟ. ಸಣ್ಣ ಕಾರು ವಾಲುವುದು ಜಾಸ್ತಿ. ಹಿಂದೆ ದಪ್ಪ ಆ್ಯಂಟಿ ರೋಲ್ ಬಾರ್ ಹಾಕಿಸಿದರೆ ಬಾಡಿ ಗಟ್ಟಿ ಆಗುತ್ತದಾ?
– ಓದುಗರೊಬ್ಬರು, ವಾಸ್ಕೋ

ಉತ್ತರ: ಅದು ಬಾಡಿ ಗಟ್ಟಿ ಮಾಡುವ ಸಾಮಾನು ಅಲ್ಲ. ಎಡ ಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುತ್ತದೆ, ನಿಜವಾಗಿ ತಡೆಯುತ್ತದೆ, ಸ್ಟ್ರಟ್ ಬಾರ್‌ಗಿಂತ ಇದರ ಪರಿಣಾಮ ಎಷ್ಟೋ ದೊಡ್ಡದು. ಹೆದರಿಕೆ ಇರುವುದೂ ಅಲ್ಲೇ. ಹಿಂದೆ ಮಾತ್ರ ಬಿಗಿ ಮಾಡಿದರೆ ಹಿಂದಿನ ಚಕ್ರಗಳು ಬೇಗ ಹಿಡಿತ ಬಿಡುತ್ತವೆ. ಒಣ ರಸ್ತೆಯಲ್ಲಿ ಗಾಡಿ ಚುರುಕಾಯಿತು ಅಂತ ಖುಷಿಯಾಗುತ್ತದೆ. ಜುಲೈ ಮಳೆಯಲ್ಲಿ, ಎಲೆ ಬಿದ್ದು ಪಾಚಿ ಕಟ್ಟಿದ ಇಳಿಜಾರಿನ ತಿರುವಿನಲ್ಲಿ ಸ್ವಲ್ಪ ಬ್ರೇಕ್ ಒತ್ತಿದರೂ ಗಾಡಿಯ ಹಿಂಭಾಗ ಹೊರಗೆ ಜಾರಬಹುದು. ನಿಮ್ಮ ದಾರಿಗೆ ಬೇಡವೇ ಬೇಡ. ಶಾಕ್ ಅಬ್ಸಾರ್ಬರ್ ನೋಡಿಸಿ, ಛಾವಣಿ ಮೇಲೆ ಸಾಮಾನು ಕಟ್ಟುತ್ತಿದ್ದರೆ ಇಳಿಸಿ ಡಿಕ್ಕಿಗೆ ಹಾಕಿ, ವಾಲುವುದು ಅಲ್ಲೇ ಎಷ್ಟೋ ಕಡಿಮೆಯಾಗುತ್ತದೆ.