ಒಂದೇ ದಿನದಲ್ಲಿ ಬೆಟ್ಟದ ಕಾಡು

ಪ್ರಶ್ನೆ: ನಾವು ಮೈಸೂರಿನ ಹನ್ನೆರಡು ಮಂದಿ ನಿವೃತ್ತರು. ಒಂದೇ ದಿನದಲ್ಲಿ ಬೆಟ್ಟದ ಕಾಡನ್ನೂ ವನ್ಯಜೀವಿಗಳನ್ನೂ ನೋಡಿ ಮರಳಲು ಎಲ್ಲಿಗೆ ಹೋಗಬಹುದು? ಕೆಲವರಿಗೆ ಮಂಡಿನೋವಿದೆ.

ಉತ್ತರ: ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿಬನ್ನಿ. ಪಶ್ಚಿಮ ಘಟ್ಟಗಳನ್ನು ಪೂರ್ವ ಘಟ್ಟಗಳೊಂದಿಗೆ ಬೆಸೆಯುವ ಈ ಶ್ರೇಣಿಯಲ್ಲಿ, ಬುಡದ ಕುರುಚಲು ಕಾಡು ಮೇಲೇರಿದಂತೆ ಎಲೆಯುದುರುವ ಕಾಡಾಗಿ, ಎತ್ತರದಲ್ಲಿ ಶೋಲಾ (ಬೆಟ್ಟದ ಕಣಿವೆಗಳ ಕುಳ್ಳು ನಿತ್ಯಹಸಿರು ಕಾಡು) ಮತ್ತು ಹುಲ್ಲುಗಾವಲಾಗಿ ಬದಲಾಗುತ್ತದೆ. ಈ ಬದಲಾವಣೆಯ ಬಹುಭಾಗವನ್ನು ವಾಹನದಲ್ಲಿ ಕುಳಿತೇ ಗಮನಿಸಬಹುದಾದ್ದರಿಂದ ಮಂಡಿನೋವಿನವರಿಗೂ ಈ ಪ್ರವಾಸ ಒಗ್ಗುತ್ತದೆ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಈ ಕಾಡಿಗೆ ಹುಲಿಯನ್ನಷ್ಟೇ ಅರಸಿ ಹೋಗಬೇಡಿರೆಂದು ಕೋರುತ್ತೇನೆ, ಏಕೆಂದರೆ ಕಾಟಿ, ಕಡವೆ, ಕೆಂಜಳಿಲುಗಳೂ ಅಷ್ಟೇ ಆದರದ ನೋಟಕ್ಕೆ ಅರ್ಹ. ಕಾಡಿನ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಈ ಕಾಡಿನೊಳಗಿನ ಕೆ. ಗುಡಿಯ (ಕ್ಯಾತದೇವರಾಯನ ಗುಡಿ) ಬೆಳಗಿನ ಸಫಾರಿಯನ್ನೇ ಆರಿಸಿಕೊಳ್ಳಿ. ಈ ಬೆಟ್ಟದ ಆದಿವಾಸಿಗಳಾದ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರದ ಕಥೆಯನ್ನು ಅವರಿಂದಲೇ ಕೇಳಿ ತಿಳಿಯಿರಿ.