ಓದುಗರ ಪ್ರಶ್ನೆ: ಅಗ್ನಿಶಾಮಕರ ದೀರ್ಘಸೇವಾ ಪದಕಗಳು

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳು ಅಲ್ಲಿನ ಹಳೆ ಸಾಮಾನಿನ ಸಂತೆಯಿಂದ ಅಗ್ನಿಶಾಮಕರ ಎರಡು ಪದಕಗಳನ್ನು ತಂದಿದ್ದಾಳೆ. ರಾಣಿ ಎಲಿಜಬೆತ್ ಅವರ ಮುಖವಿರುವುದರ ಅಂಚಿನಲ್ಲಿ ಹೆಸರಿದೆ. 'ನ್ಯಾಷನಲ್ ಫೈರ್ ಬ್ರಿಗೇಡ್ಸ್ ಅಸೋಸಿಯೇಷನ್' ಎಂದಿರುವ ಕಂಚಿನ ಪದಕದಲ್ಲಿ ಸಂಖ್ಯೆ ಮಾತ್ರ ಇದೆ. ಅದು ನಕಲಿಯೇ? ಎರಡನ್ನೂ ಉಜ್ಜಿ ಹೊಳಪು ಬರಿಸಬಹುದೇ?
– ಓದುಗರು, ಮೈಸೂರು

ಉತ್ತರ: ಹೆಸರಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ನಕಲಿ ಎನ್ನಲಾಗದು. ಬ್ರಿಟನ್ನಿನಲ್ಲಿ ಪೊಲೀಸರಿಗೆ ದೀರ್ಘಸೇವಾ ಪದಕ ದೊರೆತದ್ದು 1951ರಲ್ಲಿ. ಬೆಂಕಿ ಆರಿಸುವವರಿಗೆ ರಾಜಮುದ್ರೆಯ ಪದಕ ಬರಲು 1954 ಆಗಬೇಕಾಯಿತು. ಅದಕ್ಕೂ ಮೊದಲು ಊರಿನ ಆಡಳಿತಗಳು ಮತ್ತು ಅಗ್ನಿಶಾಮಕರ ಸಂಘಗಳೇ ತಮ್ಮವರನ್ನು ಗೌರವಿಸುತ್ತಿದ್ದವು. ನಿಮ್ಮ ಕಂಚಿನ ಪದಕ ಅಂಥದೊಂದು ಸಂಘದ್ದು. ಹತ್ತು ವರ್ಷಕ್ಕೆ ಕಂಚು, ಇಪ್ಪತ್ತು ವರ್ಷಕ್ಕೆ ಬೆಳ್ಳಿ ಎಂಬುದು ಅದರ ಕ್ರಮವಾಗಿತ್ತು. ಅಂಚಿನಲ್ಲಿ ಸಂಖ್ಯೆಯಷ್ಟೇ ಇರುವ ಪದಕಗಳು ಅದರಲ್ಲಿ ಅಪರೂಪವಲ್ಲ.

ಇನ್ನೊಂದು ಪದಕ ಇಪ್ಪತ್ತು ವರ್ಷಗಳ ಸೇವೆಗೆ ಕೊಡುವಂಥದು. ಪೂರ್ಣಾವಧಿಯವರಿಗೂ ಅರೆಕಾಲಿಕರಿಗೂ ಅದು ಒಂದೇ. ಹಿಂಬದಿಯಲ್ಲಿ ಇಬ್ಬರು ನೀರಿನ ಕೊಳವೆ ಹಿಡಿದು ನಿಂತಿರುತ್ತಾರೆ. ಆದರೆ ಸಂಗ್ರಾಹಕರು ಮೊದಲು ತಿರುಗಿಸಿ ನೋಡುವುದು ಅಂಚನ್ನು, ಏಕೆಂದರೆ ಅಲ್ಲಿ ಒತ್ತಿರುವ ಹುದ್ದೆ ಮತ್ತು ಹೆಸರು ಪದಕವನ್ನು ಒಬ್ಬ ನಿರ್ದಿಷ್ಟ ವ್ಯಕ್ತಿಯ ಬದುಕಿಗೆ ಕಟ್ಟಿಹಾಕುತ್ತವೆ. 'ಫೈರ್‌ಮನ್', 'ಸ್ಟೇಷನ್ ಆಫೀಸರ್' ಎಂಬ ಒಂದೇ ಪದದಿಂದ ಅವರು ಎಲ್ಲಿಯವರೆಗೆ ಏರಿದ್ದರೆಂಬುದು ತಿಳಿಯುತ್ತದೆ. ಎರಡನೇ ಮಹಾಯುದ್ಧದ ಬಾಂಬ್ ದಾಳಿಗಳಲ್ಲಿ ದುಡಿದ ಅನೇಕ ಅಗ್ನಿಶಾಮಕರಿಗೆ ದೊರೆತ ಡಿಫೆನ್ಸ್ ಪದಕದಲ್ಲಿ ಹೆಸರೇ ಇರುವುದಿಲ್ಲವಾದ್ದರಿಂದ, ಅದು ಜೊತೆಯ ದೀರ್ಘಸೇವಾ ಪದಕದಿಂದ ಒಮ್ಮೆ ಬೇರೆಯಾದರೆ ಯಾರದೆಂದು ಹೇಳುವುದು ಅಸಾಧ್ಯವಾಗುತ್ತದೆ. ಹಾಗಾಗಿ ಜೋಡಿಯಾಗಿ ಬಂದವನ್ನು ಬಿಡಿಬಿಡಿಯಾಗಿ ಮಾರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅಂಚಿನ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ. ಹಳೆಯ ಹೆಸರನ್ನು ಅರದಿಂದ ತೇಯ್ದು ಹೊಸದನ್ನು ಒತ್ತಿದ್ದರೆ ಆ ಭಾಗ ತುಸು ತಗ್ಗಾಗಿರುತ್ತದೆ, ಹೊಳಪೂ ಉಳಿದ ಅಂಚಿನಂತಿರುವುದಿಲ್ಲ.

ಇನ್ನು ಉಜ್ಜುವ ಮಾತು: ದಯವಿಟ್ಟು ಬೇಡ. ಹಿತ್ತಾಳೆ ದೀಪ ಬೆಳಗುವ ಪುಡಿ, ಹುಣಸೆಹಣ್ಣು, ನಿಂಬೆರಸ ಯಾವುದನ್ನೂ ತಾಗಿಸಬೇಡಿ. ಪುಡಿ ಅಕ್ಷರಗಳನ್ನೇ ಸವೆಸುತ್ತದೆ, ಹುಳಿ ಲೋಹವನ್ನು ತಿನ್ನುತ್ತದೆ. ಮೃದುವಾದ ಒಣ ಹತ್ತಿಬಟ್ಟೆಯಿಂದ ಧೂಳು ತೆಗೆದರೆ ಸಾಕು. ಪಿವಿಸಿ ಚೀಲವೂ ರಬ್ಬರ್ ಬ್ಯಾಂಡೂ ಲೋಹಕ್ಕೆ ಹಾನಿಕರ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣವಿಡಿ. ಯಾವ ಊರಿನ ಸಂತೆಯಲ್ಲಿ, ಎಂದು ಕೊಂಡದ್ದೆಂದು ಮಗಳನ್ನು ಈಗಲೇ ಕೇಳಿ, ಚೀಟಿಯಲ್ಲಿ ಬರೆದು ಅದರ ಜೊತೆಗೇ ಇರಿಸಿ.